ಮೆಟ್ಟಿಲ ಕೆಳಗಿನ ಪ್ರಿಂಟರ್

ಒಂದು ಕಡೆ ಕುಳಿತು ಮಾಡುವ ಕೆಲಸ ನನಗೆ ಒಗ್ಗುವುದಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು. ಹಾಗಾಗಿ ವಿಶ್ವವಿದ್ಯಾಲಯದಲ್ಲಿ ವೈಫೈ ನೋಡಿಕೊಳ್ಳುವ ಕೆಲಸ ಸಿಕ್ಕಿದಾಗ, ಏಣಿ ಹೊತ್ತು ತಿರುಗುವ ಪಾಲನ್ನು ನಾನೇ ಕೇಳಿ ತೆಗೆದುಕೊಂಡೆ. ಬಂದ್ಯೋಡಿನಲ್ಲಿ ಬೆಳಗಿನ ಬಸ್ಸು ಹತ್ತಿ ಹೋದರೆ ಸಂಜೆಯವರೆಗೆ ನನ್ನ ಕಣ್ಣು ಚಾವಣಿಯ ಮೇಲೆ. ಪ್ರತಿ ಕಾರಿಡಾರಿನಲ್ಲಿ ಒಂದು ಬಿಳಿ ಡಬ್ಬಿ, ಅದರಲ್ಲಿ ಒಂದು ಸಣ್ಣ ದೀಪ. ಹಸಿರಿದ್ದರೆ ಮುಂದಕ್ಕೆ, ಕೆಂಪಾದರೆ ಏಣಿ. ಈಗ ಮದುವೆಗೆ ಹೋದರೂ ಮೊದಲು ಮಂಟಪದ ವೈಫೈ ಡಬ್ಬಿ ಎಲ್ಲಿದೆ ಎಂದು ನೋಡುತ್ತೇನೆ, ಮದುಮಗಳು ಆಮೇಲೆ.

ಆ ವರ್ಷ ಹಳೆಯ ಡಬ್ಬಿಗಳನ್ನೆಲ್ಲ ತೆಗೆದು ಹೊಸತು ಹಾಕುವುದೆಂದು ತೀರ್ಮಾನವಾಯಿತು. ಜೊತೆಗೆ ಲಾಗಿನ್ನೂ ಬದಲು. ಅಲ್ಲಿಯವರೆಗೆ ಇಡೀ ಹಾಸ್ಟೆಲಿಗೆ ಒಂದೇ ಪಾಸ್‌ವರ್ಡ್. ವಾರ್ಡನ್ ಕೋಣೆಯ ಹೊರಗೆ ಕರಿಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆದಿರುತ್ತಿತ್ತು. ಇನ್ನು ಮುಂದೆ ರಿಜಿಸ್ಟರಿನಲ್ಲಿ ಹೆಸರಿದ್ದವರಿಗೆ ಮಾತ್ರ, ಒಬ್ಬೊಬ್ಬರಿಗೆ ಒಂದೊಂದು.

ಯಾವ ಡಬ್ಬಿ ಎಲ್ಲಿ ಬೇಕು ಎಂಬ ಸರ್ವೆ ನನ್ನ ಪಾಲಿಗೆ ಬಂತು. ನಾನು ಅದನ್ನು ಓಣಂ ರಜೆಯಲ್ಲಿ ಮಾಡಿದೆ. ಹುಡುಗಿಯರಿಲ್ಲದ ಹಾಸ್ಟೆಲ್ ಎಂದರೆ ನನಗೆ ಸ್ವರ್ಗ: ಯಾರ ಬಾಗಿಲನ್ನೂ ತಟ್ಟಬೇಕಿಲ್ಲ, ಯಾರಿಗೂ ಉತ್ತರ ಕೊಡಬೇಕಿಲ್ಲ. ಲ್ಯಾಪ್‌ಟಾಪ್ ಹಿಡಿದು ಎರಡು ದಿನದಲ್ಲಿ ಮೂರು ಮಹಡಿ ಮುಗಿಸಿದೆ. ಹಿಂದಿನ ಮೆಟ್ಟಿಲ ಕೆಳಗೆ, ಪೊರಕೆ ಬಕೆಟು ಇಡುವಲ್ಲಿ, ಒಂದು ಹಳೆಯ ಡಬ್ಬಿ ಇತ್ತು. ರಜೆಯ ಹಿಂದಿನ ದಾಖಲೆ ತೆಗೆದು ನೋಡಿದರೆ ದಿನವೂ ಮಧ್ಯಾಹ್ನ ಒಂದೂಕಾಲರ ಹೊತ್ತಿಗೆ ಒಂದೇ ಒಂದು ಫೋನು, ಹತ್ತು ನಿಮಿಷ. ಯಾವುದೋ ಹುಡುಗಿ ಪ್ರೇಮ ಸಲ್ಲಾಪಕ್ಕೆ ಜಾಗ ಹುಡುಕಿಕೊಂಡಿದ್ದಾಳೆ ಎಂದುಕೊಂಡೆ. ಒಂದು ಫೋನಿಗೆ ಒಂದು ಡಬ್ಬಿ ಯಾಕೆ? ನಕ್ಷೆಯಲ್ಲಿ ಆ ಜಾಗಕ್ಕೆ 'ಬೇಡ' ಎಂದು ಬರೆದೆ.

ಹೊಸ ಡಬ್ಬಿ ಹಾಕಿ ಕಾಲೇಜು ತೆರೆದ ವಾರ ದೂರಿನ ಮೇಲೆ ದೂರು. ಖಾಲಿ ಕಟ್ಟಡದಲ್ಲಿ ಬಾಗಿಲೆಲ್ಲ ತೆರೆದಿಟ್ಟು ಅಳೆದ ಸಿಗ್ನಲ್, ಹುಡುಗಿಯರು ಬಂದು ಬಾಗಿಲು ಹಾಕಿಕೊಂಡ ಕೂಡಲೇ ಕೆಂಪುಕಲ್ಲಿನ ಗೋಡೆಯ ಆಚೆ ನಿಂತುಬಿಟ್ಟಿತ್ತು. ನನ್ನ ಅವಸರಕ್ಕೆ ನಾನೇ ಹಿಡಿಶಾಪ ಹಾಕುತ್ತ ಏಣಿ ಹೊತ್ತು ಓಡಾಡುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ಹಿಂದಿನ ಮೆಟ್ಟಿಲು ಇಳಿಯುವಾಗ, ಹಾಸ್ಟೆಲ್ ಗುಡಿಸುವ ಅಕ್ಕ ಹಳೆಯ ಡಬ್ಬಿ ತೆಗೆದ ಖಾಲಿ ಮೊಳೆಯ ಕೆಳಗೆ ನಿಂತು ಫೋನನ್ನು ಮೇಲೆತ್ತಿ ಹಿಡಿದಿದ್ದರು. ವರ್ಕಾಡಿ ಕಡೆಯವರು, ಮೊದಲು ಬೀಡಿ ಕಟ್ಟುತ್ತಿದ್ದವರು. ನಮಸ್ಕಾರಕ್ಕಿಂತ ಹೆಚ್ಚಿನ ಪರಿಚಯ ಇರಲಿಲ್ಲ.

"ಇಲ್ಲಿದ್ದದ್ದನ್ನು ನೀವು ತೆಗೆದದ್ದಾ ಮೇಡಂ?"

"ಹೌದು. ಎಂತ ಆಯ್ತು ಅಕ್ಕ?"

"ಮಗಳ ಫೋನು ಬರುವ ಹೊತ್ತು. ಚಿತ್ರ ಬರುವುದೇ ಇಲ್ಲ."

ಹಾಸ್ಟೆಲ್ ಇರುವುದು ಕಲ್ಲು ಕಡಿದು ತಗ್ಗಾದ ಜಾಗದಲ್ಲಿ. ಮೊಬೈಲ್ ಸಿಗ್ನಲ್ ಮಾತಾಡಲು ಸಾಕು, ವೀಡಿಯೊಗೆ ಸಾಲದು. "ಸುಮ್ಮನೆ ಕಾಲ್ ಮಾಡಿ ಮಾತಾಡಬಹುದಲ್ಲ?" ಎಂದೆ, ಏಣಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸುತ್ತ.

"ಅವಳಿಗೆ ಕಿವಿ ಕೇಳುವುದಿಲ್ಲ ಮೇಡಂ. ನಾವು ಕೈಯಲ್ಲಿ ಮಾತಾಡುವುದು."

ಏಣಿ ಕೆಳಗಿಟ್ಟೆ. ಮಗಳು ದೂರದ ಕಿವುಡರ ಶಾಲೆಯಲ್ಲಿದ್ದಳು. ಊಟದ ಬಿಡುವಿನಲ್ಲಿ ಹತ್ತು ನಿಮಿಷ ಅಲ್ಲಿನ ಟೀಚರ್ ಫೋನು ಕೊಡುತ್ತಿದ್ದರು. ಮುಂದಿನ ಕಾರಿಡಾರಿಗೆ ಬನ್ನಿ, ನನ್ನ ಫೋನಿನಲ್ಲಿ ಮಾತಾಡಿ ಎಂದರೆ ಅಕ್ಕ ಒಪ್ಪಲಿಲ್ಲ. "ಅಲ್ಲಿ ಎಲ್ಲರೂ ನಿಂತು ನೋಡ್ತಾರೆ," ಎಂದರು. ಹತ್ತು ನಿಮಿಷ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಫೋನು ಎರಡು ಸಲ ರಿಂಗಾಯಿತು. ಅಕ್ಕ ಎತ್ತಿದರೂ ಪರದೆ ಕಪ್ಪಾಗಿಯೇ ಉಳಿಯಿತು.

ಮಿಕ್ಕ ಒಂದು ಡಬ್ಬಿಯನ್ನು ಮರುದಿನವೇ ಅದೇ ಮೊಳೆಗೆ ಹಾಕಿದೆ. ಆದರೆ ಲಾಗಿನ್? ಗುಡಿಸುವವರೆಲ್ಲ ಗುತ್ತಿಗೆಯವರು, ರಿಜಿಸ್ಟರಿನಲ್ಲಿ ಹೆಸರಿಲ್ಲ. ಹೆಸರು ಸೇರಿಸಿ ಎಂದು ಅರ್ಜಿ ಬರೆದರೆ ಅದು ಮೇಜಿನಿಂದ ಮೇಜಿಗೆ ಹೋಗಿ ಬರುವಷ್ಟರಲ್ಲಿ ಮಗಳ ಶಾಲೆಯೇ ಮುಗಿದಿರುತ್ತದೆ. ನಮ್ಮ ಕೆಲಸದಲ್ಲಿ ಒಂದು ರೂಢಿ ಉಂಟು: ಪ್ರಿಂಟರಿನಂತಹ, ಪಾಸ್‌ವರ್ಡ್ ಒತ್ತಲಾಗದ ಯಂತ್ರಗಳನ್ನು ಅವುಗಳ ಯಂತ್ರಸಂಖ್ಯೆ ಬರೆದುಕೊಂಡು ನಾವೇ ಒಳಗೆ ಬಿಟ್ಟುಕೊಳ್ಳುತ್ತೇವೆ. ಅಕ್ಕನ ಫೋನಿನ ಯಂತ್ರಸಂಖ್ಯೆಯನ್ನೂ ಹಾಗೇ ಬರೆದುಕೊಂಡೆ. ಪಟ್ಟಿಯಲ್ಲಿ ಹೊಸ ಸಾಲು ಸೇರಿಸಿದೆ: 'ಪ್ರಿಂಟರ್, ಹಾಸ್ಟೆಲ್, ಹಿಂದಿನ ಮೆಟ್ಟಿಲ ಕೆಳಗೆ.'

ಆಮೇಲೆ ನನಗೆ ನೆಮ್ಮದಿ ಎಂಬುದಿಲ್ಲ. ಒಂದು ಗಂಟೆಯಾದರೆ ಸಾಕು, ಎಲ್ಲಿದ್ದರೂ ಫೋನು ತೆಗೆದು ಪಟ್ಟಿಯಲ್ಲಿ ಆ ಪ್ರಿಂಟರಿನ ಎದುರು, ಸಂಪರ್ಕ ಸಿಕ್ಕಿತೆಂಬ ಹಸಿರು ಚುಕ್ಕೆ ಬಂತೇ ಎಂದು ನೋಡುವುದು. ಬರುವವರೆಗೆ ಊಟಕ್ಕೆ ಕೈ ಹಾಕುತ್ತಿರಲಿಲ್ಲ, ಬಂದ ಮೇಲೆ ಯಾರಾದರೂ ಪತ್ತೆ ಮಾಡಿಯಾರೆಂಬ ಹೆದರಿಕೆ. ಒಂದು ದಿನ ನಮ್ಮ ಆಫೀಸಿನ ಹಿರಿಯ ಸರ್ ಪಟ್ಟಿ ನೋಡುತ್ತ ನಿಂತರು.

"ಈ ಪ್ರಿಂಟರ್ ಊಟದ ಹೊತ್ತಿಗೆ ಮಾತ್ರ ಕೆಲಸ ಮಾಡುವುದಾ?"

"ಹೌದು ಸರ್."

"ಹ್ಞೂಂ. ಕಾಗದ ಮುಗಿಯದ ಹಾಗೆ ನೋಡಿಕೋ," ಎಂದು ಕನ್ನಡಕ ತೆಗೆದು ಒರೆಸಿಕೊಂಡು ಹೋದರು. ಮತ್ತೆಂದೂ ಆ ಮಾತೆತ್ತಲಿಲ್ಲ.

ಡಿಸೆಂಬರಿನಲ್ಲಿ ಚುಕ್ಕೆ ಬರುವುದು ನಿಂತಿತು. ಒಂದು ದಿನ ಸುಮ್ಮನಿದ್ದೆ, ಎರಡನೆಯ ದಿನ ಡಬ್ಬಿಯನ್ನು ಆಫೀಸಿನಿಂದಲೇ ಪರೀಕ್ಷಿಸಿದೆ, ಮೂರನೆಯ ದಿನ ಊಟದ ಡಬ್ಬವನ್ನು ಹಾಗೇ ಮುಚ್ಚಿ ಹಾಸ್ಟೆಲಿಗೆ ನಡೆದೆ. ಮೆಟ್ಟಿಲ ಕೆಳಗೆ ಅಕ್ಕ ಊಟ ಮಾಡುತ್ತಿದ್ದರು. ಪಕ್ಕದಲ್ಲಿ ಮಗುಚಿದ ಬಕೆಟಿನ ಮೇಲೆ ಹತ್ತು ಹನ್ನೆರಡರ ಹುಡುಗಿ. ಮಗಳ ಶಾಲೆಗೆ ಕ್ರಿಸ್ಮಸ್ ರಜೆ. ಅದು ನನಗೆ ಹೊಳೆದೇ ಇರಲಿಲ್ಲ.

ಅಕ್ಕ ನನ್ನನ್ನು ತೋರಿಸಿ ಮಗಳಿಗೆ ಕೈಯಲ್ಲಿ ಏನೋ ಹೇಳಿದರು. ಹುಡುಗಿ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಬೇಗ ಬೇಗ ಕೈಯಾಡಿಸತೊಡಗಿದಳು. ಅಕ್ಕ ಅವಳ ಕೈ ಹಿಡಿದು ನಿಲ್ಲಿಸಲು ನೋಡಿದರು.

"ಎಂತ ಹೇಳ್ತಾಳೆ?"

"ಎಂತ ಇಲ್ಲ ಮೇಡಂ. ಮಕ್ಕಳು."

"ಹೇಳಿ ಅಕ್ಕ."

"ಇಲ್ಲಿ ಕತ್ತಲೆ ಅಂತೆ. ಫೋನಿನಲ್ಲಿ ನನ್ನ ಕೈ ಸರಿ ಕಾಣುವುದಿಲ್ಲವಂತೆ. ಅರ್ಧ ಮಾತು ಅವಳೇ ಊಹೆ ಮಾಡಿಕೊಳ್ಳುವುದಂತೆ."

ನಾನು ತಲೆಯೆತ್ತಿದೆ. ಡಬ್ಬಿಯ ಹಸಿರು ದೀಪ ಬಿಟ್ಟರೆ ಅಲ್ಲಿ ಬಲ್ಬೇ ಇರಲಿಲ್ಲ. ಎಷ್ಟು ಸಲ ಬಂದಿದ್ದೆ, ಎಷ್ಟು ಸಲ ಸಿಗ್ನಲ್ ಅಳೆದಿದ್ದೆ.

"ನೀವು ಯಾಕೆ ಹೇಳಲಿಲ್ಲ ಅಕ್ಕ?"

"ನೀವು ಇಷ್ಟು ಮಾಡಿದ್ದೀರಿ. ಮತ್ತೂ ಎಂತ ಕೇಳುವುದು?"

ನನಗೆ ನಾಚಿಕೆಯಾಯಿತು. ಆ ಮಧ್ಯಾಹ್ನವೇ ಕೇಬಲ್ ತಂದು, ಹಿಂಬಾಗಿಲಿನಾಚೆ ಬಟ್ಟೆ ಒಣಗಿಸುವ ಜಗಲಿಯವರೆಗೆ ಎಳೆದು ಡಬ್ಬಿಯನ್ನು ಅಲ್ಲಿಗೆ ಸ್ಥಳಾಂತರಿಸಿದೆ. ಊಟದ ಹೊತ್ತಿನಲ್ಲಿ ಅಲ್ಲಿಗೆ ಯಾರೂ ಬರುವುದಿಲ್ಲ. ಹುಡುಗಿ ನನ್ನ ಫೋನು ಹಿಡಿದು ಮೆಟ್ಟಿಲ ಕೆಳಗೇ ಕುಳಿತಳು, ಅಕ್ಕ ತಮ್ಮ ಫೋನನ್ನು ಎದುರಿಗಿಟ್ಟು, ಬಿಸಿಲಿಗೆ ಮುಖಮಾಡಿ ಜಗಲಿಯಲ್ಲಿ ನಿಂತು ಕೈಯಾಡಿಸಿದರು. ಒಳಗಿನಿಂದ ಹುಡುಗಿ ಗಟ್ಟಿಯಾಗಿ ನಕ್ಕದ್ದು ನನಗೆ ಕೇಳಿಸಿತು.

ಸಂಜೆ ಆಫೀಸಿನಲ್ಲಿ ನಕ್ಷೆ ತೆರೆದು ಪ್ರಿಂಟರಿನ ಜಾಗ ತಿದ್ದಿದೆ: ಹಿಂದಿನ ಜಗಲಿ. ಪಕ್ಕದ ಷರಾ ಕಾಲಂನಲ್ಲಿ ನಾವು ಸಿಗ್ನಲ್ ಎಷ್ಟೆಂದು ಬರೆಯಬೇಕು. ನಾನು 'ಬೆಳಕು ಉಂಟು' ಎಂದು ಬರೆದೆ.