ಮಂಡಕ್ಕಿಯೂ ಸ್ಕ್ಯಾನಿನ ಡಾಕ್ಟರಮ್ಮನೂ

ಮೊನ್ನೆ ಕಿಡ್ನಿಯಲ್ಲಿ ಕಲ್ಲಿರಬಹುದೆಂಬ ಅನುಮಾನದಿಂದ ಚನ್ನಗಿರಿಯಲ್ಲಿ ಸ್ಕ್ಯಾನಿಂಗ್ ಮೇಜಿನ ಮೇಲೆ ಮಲಗಿದ್ದೆ. ಹೊಸ ಡಾಕ್ಟರು ಹೊಟ್ಟೆಗೆ ಜೆಲ್ ಸುರಿದರು. ಅಬ್ಬಾ, ಏನು ತಣ್ಣಗೆ! ಬೆಚ್ಚಿಬಿದ್ದೆ ನೋಡಿ, ತಕ್ಷಣ ಮೊದಲು ಅಲ್ಲಿದ್ದ ಡಾಕ್ಟರಮ್ಮ ನೆನಪಾದರು. ಅವರು ಜೆಲ್ಲಿನ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ಇಟ್ಟಿರುತ್ತಿದ್ದರು. “ಜ್ವರದ ಮೈಗೆ ತಣ್ಣಗಿಂದು ಹಚ್ಚಬಾರ್ದು ಕಣ್ರಿ” ಎನ್ನುತ್ತಿದ್ದರು.

ಆಗ ಜ್ವರ ಬಂದಿದ್ದು ನನ್ನ ತಂಗಿಗೆ. ರಕ್ತದ ಕ್ಯಾನ್ಸರಿಗೆ ದೊಡ್ಡಾಸ್ಪತ್ರೆಯಲ್ಲಿ ಕೀಮೋ ಮುಗಿಸಿ ಕೆರೆಬಿಳಚಿಯ ಮನೆಗೆ ಬಂದಿದ್ದಳು. ಔಷಧದ ಹೊಡೆತಕ್ಕೆ ರೋಗ ತಡೆಯುವ ಬಿಳಿ ರಕ್ತಕಣಗಳು ನೆಲ ಕಚ್ಚಿದ್ದವು. ಯಾವ ಆಂಟಿಬಯೋಟಿಕ್‌ಗೂ ಜ್ವರ ಜಗ್ಗದಿದ್ದಾಗ ದೊಡ್ಡಾಸ್ಪತ್ರೆಯವರು ಹೊಟ್ಟೆಯ ಸ್ಕ್ಯಾನ್ ಬರೆದುಕೊಟ್ಟರು. ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದೂ ಹೇಳಿದ್ದರು. ನಮ್ಮ ಕಡೆ ಮಂಡಕ್ಕಿಯನ್ನು ಯಾರು ಊಟವೆಂದು ಎಣಿಸುತ್ತಾರೆ, ನೀವೇ ಹೇಳಿ? ಸ್ವಲ್ಪ ಬಾಯಾಡಿಸಲಿ ಎಂದು ನಾನೇ ಕಾರಿನಲ್ಲಿ ಮನೆಯ ಒಗ್ಗರಣೆ ಮಂಡಕ್ಕಿಯ ಡಬ್ಬಿ ಅವಳ ಕೈಗಿಟ್ಟೆ.

ಚನ್ನಗಿರಿಯಲ್ಲಿ ಡಾಕ್ಟರಮ್ಮ ಪರದೆ ನೋಡಿ ಹುಬ್ಬು ಗಂಟಿಕ್ಕಿದರು. “ಏನು ತಿನ್ಸೀರಿ?”

“ಏನಿಲ್ರಿ, ಬರೇ ಮಂಡಕ್ಕಿ.”

“ಬರೇ ಮಂಡಕ್ಕಿ! ಹೊಟ್ಟೆ ತುಂಬಾ ಗಾಳಿ ಐತೆ. ಇದ್ರಾಗೆ ನಾನು ಹೆಂಗೆ ನೋಡ್ಲಿ? ನಾಳೆ ಬರ್ರಿ.”

ಮರುದಿನ ಹೋದೆವು. ಏನೂ ಕಾಣಲಿಲ್ಲ. ನನಗೆ ಸಮಾಧಾನವಾಯಿತು, ಡಾಕ್ಟರಮ್ಮನಿಗೆ ಆಗಲಿಲ್ಲ. “ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ರಿ. ಇಂಥವ್ರಿಗೆ ಲಿವರ್‌ನಾಗೆ ಫಂಗಸ್ ಕೂತ್ಕಂತೈತೆ. ಬಿಳಿ ಕಣ ಏರಿದ ಮೇಲೇ ಅದು ಕಾಣಾಕೆ ಶುರುವಾಗೋದು. ಆವಾಗ ಮತ್ತೆ ಬರ್ರಿ.” ಮೂರನೇ ಸಲವೇ ಎಂದು ಮುಖ ಸಿಂಡರಿಸಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೇ ಸಲದ ಹೊತ್ತಿಗೆ ಕಣಗಳು ಏರಿದ್ದವು, ಜ್ವರ ಮಾತ್ರ ಇಳಿದಿರಲಿಲ್ಲ. ಪರದೆಯ ಮೇಲೆ ಲಿವರಿನಲ್ಲಿ ಪುಟ್ಟ ಪುಟ್ಟ ಉಂಗುರಗಳು, ನಡುವೆ ಒಂದೊಂದು ಚುಕ್ಕೆ. ಕ್ಯಾನ್ಸರ್ ಅಲ್ಲಿಗೂ ಬಂತೆಂದೇ ಅಂದುಕೊಂಡೆ. ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡರು. “ಹೆದರಬ್ಯಾಡವ್ವ. ನನ್ನ ಕಣ್ಣಿಗೆ ಇದು ಫಂಗಸ್ಸೇ. ಇದಕ್ಕೆ ಔಷಧಿ ಐತೆ.”

ಅಲ್ಲಿಂದಲೇ ದೊಡ್ಡಾಸ್ಪತ್ರೆಗೆ ಫೋನ್ ಮಾಡಿದರು. ಅಲ್ಲಿ ಸೂಜಿಯಿಂದ ಲಿವರಿನ ತುಣುಕು ತೆಗೆದು ಪರೀಕ್ಷಿಸಿದರು. ಫಂಗಸ್ಸೇ ಆಗಿತ್ತು. ತಿಂಗಳುಗಟ್ಟಲೆ ಔಷಧಿ ತೆಗೆದುಕೊಂಡು ತಂಗಿ ಗೆದ್ದುಬಂದಳು. ಏನೂ ಕಾಣದಿದ್ದಾಗಲೂ ಮತ್ತೆ ನೋಡುತ್ತೇನೆ ಎಂದ ಆ ಹೆಂಗಸಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೇನೋ.

ಮೊನ್ನೆ ಹೊಸ ಡಾಕ್ಟರು, “ಕಲ್ಲು ಕಾಣ್ತಿಲ್ಲ, ಹೋಗಬಹುದು” ಎಂದರು. ಹಿಂದಿನ ನಾನಾಗಿದ್ದರೆ ಓಡಿಬಿಡುತ್ತಿದ್ದೆ.

“ಮತ್ತೆ ಯಾವಾಗ ಬರ್ಲಿ ಸಾರ್?” ಎಂದು ಕೇಳಿದೆ.

ಹೊರಗೆ ಬೆಂಚಿನ ಮೇಲೆ ತಂಗಿ ಕಾಯುತ್ತಿದ್ದಳು. “ಮುಗೀತೇನಣ್ಣ?” ಎನ್ನುತ್ತಾ ಮಂಡಕ್ಕಿ ಡಬ್ಬಿಯ ಮುಚ್ಚಳ ತೆಗೆದಳು. ಬೆಳಗ್ಗೆಯಿಂದ ಅವಳೂ ಏನೂ ತಿಂದಿರಲಿಲ್ಲ.