ಟೈಲರ್ ಯಜಮಾನರ ನಾಲಿಗೆ

ಚಾಕುಮಾವನ ಅಂಗಡಿಗೆ ಹೋದವರು ಮಾಂಸ ಕಟ್ಟಿಸಿಕೊಂಡು ಸುಮ್ಮನೆ ಬರುವಂತಿರಲಿಲ್ಲ. ಒಂದು ಭಾಷಣ ಕೇಳಿಯೇ ಬರಬೇಕಿತ್ತು. ಆ ಹೆಸರು ಬೀದಿಯ ಮಕ್ಕಳು ಇಟ್ಟದ್ದು. ಅವನಿಗೆ ಐವತ್ತು ದಾಟುವ ಹೊತ್ತಿಗೆ ಹೆಂಡತಿಯೂ ಒಮ್ಮೊಮ್ಮೆ ಹಾಗೇ ಕರೆಯುತ್ತಿದ್ದಳು. ಬಿಳಿ ಟೈಲ್ಸ್ ಹಾಕಿದ ಪುಟ್ಟ ಅಂಗಡಿ, ನಡು ಸವೆದು ತಗ್ಗಾದ ಮರದ ಕೊರಡು, ಗಾಜಿನ ಪೆಟ್ಟಿಗೆಯೊಳಗೆ ಎರಡು ತಟ್ಟೆ. ಒಂದರಲ್ಲಿ ಫಾರಂ ಹಂದಿಯ ಮಾಂಸ. ಇನ್ನೊಂದರಲ್ಲಿ ಅವನ ಅಕ್ಕ ಗುಡ್ಡದಲ್ಲಿ ಮೇಯಿಸಿ ಸಾಕಿದ ಕರಿ ನಾಟಿ ಹಂದಿಯದು. ಭಾಷಣವೆಲ್ಲ ಈ ಎರಡನೆಯ ತಟ್ಟೆಯ ಮೇಲೆ.

“ಫಾರಂ ಹಂದಿ ನಿಂತಲ್ಲೇ ನಿಂತು ಆರು ತಿಂಗಳಿಗೆ ಉಬ್ಬಿಬಿಡುತ್ತೆ. ನಮ್ಮಕ್ಕನ ಹಂದಿಗೆ ಒಂದೂವರೆ ವರ್ಷ ಬೇಕು. ಯಾಕೆ ಹೇಳಿ? ದಿನಾ ಗುಡ್ಡ ಹತ್ತಿ ಇಳಿಯುತ್ತೆ, ಹುಲ್ಲು ಮೇಯುತ್ತೆ, ಮೂತೀಲಿ ನೆಲ ಅಗೆದು ಗೆಡ್ಡೆ ತಿನ್ನುತ್ತೆ. ಬಣ್ಣ ನೋಡಿ, ಬಣ್ಣ!”

ಅವನು ಎತ್ತಿ ತೋರಿಸುವ ತುಂಡು ಕಡುಗೆಂಪು. ಅದರೊಳಗೆ ನೂಲಿನೆಳೆಯಂಥ ಬಿಳಿ ಕೊಬ್ಬು. ಬಾಣಲೆಗೆ ಹಾಕಿದರೆ ನೀರು ಬಿಡದು, ಮುದುಡದು. ಕೊಬ್ಬು ತಿಳಿಯಾಗಿ ಕರಗಿ, ಹುರಿದ ಬೀಜದಂಥ ಪರಿಮಳ ಪಕ್ಕದ ಮನೆಗೂ ಹೋಗುತ್ತಿತ್ತು. ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಅಜ್ಜಿಯ ಕಾಲದ ಆ ತಳಿಯನ್ನು ಬೇಗ ಬೆಳೆಯುವುದಿಲ್ಲವೆಂದು ಊರವರೆಲ್ಲ ಕೈಬಿಟ್ಟರೂ ಅಕ್ಕ ಬಿಟ್ಟಿರಲಿಲ್ಲ.

ಆ ವರ್ಷ ಅಕ್ಕ ಇಳಿಜಾರಿನಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅವನು ನೋಡಲು ಹೋದಾಗ ಮಲಗಿದಲ್ಲಿಂದಲೇ ಹೇಳಿದಳು: “ಪಕ್ಕದವರು ಮೇವು ನೀರು ನೋಡ್ಕೋತಾರೆ. ಆದರೆ ಯಾವುದು ಬಲಿತಿದೆ ಅಂತ ಆರಿಸಿ ಕಳಿಸೋದು ಅವರ ಕೈಲಾಗೋ ಕೆಲಸ ಅಲ್ಲ. ನಾನು ಏಳೋ ತನಕ ಗಿರಾಕಿಗಳಿಗೆ ಇಲ್ಲ ಅಂದ್ಬಿಡು.”

ಅಷ್ಟೇ ಹೇಳಬೇಕಿತ್ತು. ಆದರೆ ಆ ಶನಿವಾರ ಶಾಲೆಯ ಹೆಡ್ ಮೇಡಂ ದೂರದಿಂದ ಬಂದ ನೆಂಟರನ್ನೆಲ್ಲ ಕಟ್ಟಿಕೊಂಡು ಬಂದರು. “ನಾನು ಹೇಳ್ತಿದ್ದೆನಲ್ಲ, ಇವರೇ! ಅಣ್ಣಾ, ಸ್ವಲ್ಪ ನಿಮ್ಮ ಬಾಯಿಂದಲೇ ಹೇಳಿ,” ಎಂದರು. ಆರು ಜೋಡಿ ಕಣ್ಣು ಅವನ ಮುಖದ ಮೇಲಿದ್ದವು. ಇಲ್ಲ ಎನ್ನಲು ಮನಸ್ಸಾಗಲಿಲ್ಲ. ಅವನು ಒಳಕೋಣೆಗೆ ಹೋಗಿ, ಫಾರಂ ಮಾಂಸದಲ್ಲೇ ಸ್ವಲ್ಪ ಕೆಂಪಗಿದ್ದದ್ದನ್ನು ಆರಿಸಿ ಎರಡನೆಯ ತಟ್ಟೆಗೆ ಹಾಕಿ ತಂದ. ಭಾಷಣವನ್ನೂ ಮಾಡಿದ. ಮುಂದಿನ ವಾರ ಮೇಡಂ ಬಂದು, “ಏನು ರುಚಿ ಅಂತೀರಿ! ನೆಂಟರು ಬೆರಳು ಚೀಪಿದರು,” ಎಂದರು.

ಯಾರಿಗೂ ಗೊತ್ತಾಗಲಿಲ್ಲ. ಅದು ಸಮಾಧಾನವೂ ಆಯಿತು, ಒಳಗೆಲ್ಲೋ ಚುಚ್ಚಿತು ಕೂಡ. ಒಂದು ವಾರದ ಮಾತು ನಾಲ್ಕು ತಿಂಗಳಾಯಿತು.

ಗೊತ್ತಾದದ್ದು ಒಬ್ಬರಿಗೆ ಮಾತ್ರ, ಅದೂ ತಿರುವುಮುರುವಾಗಿ. ಬೀದಿಯ ಕೊನೆಯ ಟೈಲರ್ ಯಜಮಾನರು ಎಪ್ಪತ್ತೈದು ದಾಟಿದವರು. ಚಾಕುಮಾವನ ಏಪ್ರನ್‌ಗಳನ್ನು ಮೂವತ್ತು ವರ್ಷದಿಂದ ಹೊಲಿದುಕೊಟ್ಟವರು. ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಊಟ ಎಂದರೆ ಮುಖ ತಿರುಗಿಸುತ್ತಿದ್ದರೂ, ಮೊದಮೊದಲು ವಾರಕ್ಕೊಮ್ಮೆ ಗುಡ್ಡದ ಮಾಂಸದ ನಾಲ್ಕು ತುಂಡು ಮಾತ್ರ ಆಸೆಯಿಂದ ತಿನ್ನುತ್ತಿದ್ದರು. ಒಂದು ಬೆಳಿಗ್ಗೆ ಅವರ ಹೆಂಡತಿ ಬಂದು ಗಾಜಿಗೆ ಕೈಯೂರಿ ನಿಂತರು.

“ಇನ್ನು ಬೇಡ ಕಣಪ್ಪ. ಹೇಳಿ ಹೋಗೋಣ ಅಂತ ಬಂದೆ.”

“ಯಾಕಮ್ಮ?”

“ಅವರ ನಾಲಿಗೆ ಹೋಗಿದೆ. ಬಾಯಿಗೆ ಹಾಕಿದರೆ ಒದ್ದೆ ಬಟ್ಟೆ ಅಗಿದ ಹಾಗಾಗುತ್ತಂತೆ. ರುಚಿ ಹೋದ ಮೇಲೆ ಜೀವ ಎಷ್ಟು ದಿನ, ಅಂತಾರೆ. ಮೊನ್ನೆ ಮೆಷಿನ್ನನ್ನ ನನ್ನ ತಂಗಿ ಮಗಳಿಗೆ ಕೊಟ್ಟುಬಿಟ್ಟರು. ಕತ್ತರೀನೂ ಕೊಟ್ಟರು.” ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. “ಕಾಯಿಲೇಲಿ ಹಾಗಾಗುತ್ತೆ, ಅಲ್ವೇನಪ್ಪ?”

ಆಕೆಯ ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಚಾಕುಮಾವ ಕೊರಡನ್ನು ನೋಡುತ್ತ, “ಹೌದಮ್ಮ, ಹಾಗಾಗುತ್ತೆ,” ಎಂದ.

ಆಕೆ ತಲೆಯಾಡಿಸಿ ಹೊರಟುಹೋದರು. ಮುಂದಿನ ಗಿರಾಕಿ ಕಾಲು ಕೆಜಿ ಕೇಳಿದ. ಅವನು ಅರ್ಧ ಕೆಜಿ ತೂಗಿದ. ಮಾಂಸ ಬದಲಿಸಿದ್ದಕ್ಕೆ ಏನಾದರೂ ನೆಪ ಹೇಳಿಕೊಳ್ಳಬಹುದಿತ್ತು; ‘ಹೌದಮ್ಮ’ ಎಂದದ್ದಕ್ಕೆ ಯಾವ ನೆಪವೂ ಸಿಗಲಿಲ್ಲ. ಬದುಕಿರುವ ಮನುಷ್ಯನಿಗೆ ಸಾವಿನ ಸುದ್ದಿ ತಾನೇ ಕಳಿಸಿದಂತಾಯಿತಲ್ಲ ಎಂದು ಕಿವಿ ಬಿಸಿಯಾಯಿತು. ಮಧ್ಯಾಹ್ನವೇ ಬಾಗಿಲೆಳೆದು ಅಕ್ಕನ ಊರಿನ ಬಸ್ಸು ಹತ್ತಿದ.

ಅಕ್ಕ ಕೋಲೂರಿಕೊಂಡು ಬೇಲಿಯ ಹತ್ತಿರ ನಿಂತಿದ್ದಳು. ಕರಿ ಹಂದಿಗಳು ಸಾಲಾಗಿ ಮೂತಿಯೂರಿ ನೆಲ ಉಳುತ್ತಿದ್ದವು. ಅವನು ತಡವರಿಸುತ್ತ ಎಲ್ಲವನ್ನೂ ಹೇಳಿದ. ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದ, ಬೈದಿದ್ದರೆ ಹಗುರವಾಗುತ್ತಿತ್ತು.

“ನಾನಿಲ್ಲಿ ಹಾಸಿಗೇಲಿ ಮಲಗಿದ್ರೆ, ನೀನು ನನ್ನ ಹೆಸರು ಅಲ್ಲಿ ಫಾರಂ ಹಂದಿಗೆ ಇಟ್ಟಿದ್ದೆಯಾ,” ಎಂದಳು ಮೆಲ್ಲಗೆ. ಕೋಲೂರುತ್ತ ಬೇಲಿಯುದ್ದಕ್ಕೂ ನಾಲ್ಕು ಹೆಜ್ಜೆ ಹೋಗಿ ಬಂದಳು. ಆಮೇಲೆ, “ನಿನ್ನೆ ಇಲ್ಲೇ ಒಂದನ್ನ ಕೊಯ್ಸಿದೀವಿ. ಒಂದು ತುಂಡು ಕೊಡ್ತೀನಿ. ಅಂಗಡಿಗಲ್ಲ, ಅವರಿಗೆ,” ಎಂದಳು.

ಮರುದಿನ ಟೈಲರ್ ಮನೆಯ ಅಡುಗೆಕೋಣೆಯಲ್ಲಿ ಅವನೇ ನಿಂತು, ಬರೀ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಹುರಿದ. ಯಜಮಾನರು ಬೇಡವೆನ್ನುತ್ತಲೇ ಒಂದು ತುಂಡು ಬಾಯಿಗಿಟ್ಟುಕೊಂಡರು. ಅಗಿಯುವುದು ನಿಂತಿತು. ಮತ್ತೆ ಶುರುವಾಯಿತು. ಕಣ್ಣು ತುಂಬಿಕೊಂಡವು.

“ಬಂತು ಕಣೇ! ನಾಲಿಗೆ ವಾಪಸ್ಸು ಬಂತು!” ಎಂದು ಹೆಂಡತಿಯ ಕೈ ಹಿಡಿದರು.

ಆ ಸಂತೋಷದಲ್ಲೇ ಎದ್ದು ಬಂದುಬಿಡಬಹುದಿತ್ತು. ಅವನಿಗೂ ಹಾಗೇ ಅನಿಸಿತು. ಚಪ್ಪಲಿಯ ಕಡೆ ಒಮ್ಮೆ ನೋಡಿದ ಕೂಡ. ಆಮೇಲೆ ಮಂಚದ ಪಕ್ಕ ನೆಲದಲ್ಲಿ ಕುಳಿತ.

“ಯಜಮಾನ್ರೇ, ನಾಲಿಗೆ ಎಲ್ಲೂ ಹೋಗಿರಲಿಲ್ಲ. ನಾಲ್ಕು ತಿಂಗಳಿಂದ ನಾನು ಕೊಟ್ಟಿದ್ದು ಫಾರಂ ಮಾಂಸ. ನಿಮಗೊಬ್ಬರಿಗೇ ಗೊತ್ತಾಗಿದ್ದು.”

ನಗುತ್ತಾರೇನೋ ಎಂಬಂತೆ ಯಜಮಾನರ ತುಟಿ ಕದಲಿತು. ನಗಲಿಲ್ಲ.

“ನಾನು ಎಲ್ಲಾ ಕೊಟ್ಟುಬಿಟ್ಟೆನಲ್ಲೋ,” ಎಂದರು. “ಮೆಷಿನ್ ಹೋಗಲಿ. ರಾತ್ರಿಯೆಲ್ಲ ಇವಳನ್ನ ಕೂರಿಸಿಕೊಂಡು ಸಾಯೋ ಮುಂಚೆ ಹೇಳಬೇಕಾದ್ದೆಲ್ಲ ಹೇಳಿಬಿಟ್ಟೆ.”

ಹೆಂಡತಿ ಬಾಗಿಲ ಬಳಿಯಿಂದ, “ನಾನು ಕೇಳಿದಾಗ ಹೌದಮ್ಮ ಅಂದೆಯಲ್ಲಪ್ಪ,” ಎಂದರು. ಅಷ್ಟೇ.

ಆ ಶನಿವಾರ ಎರಡನೆಯ ತಟ್ಟೆ ಖಾಲಿಯಿತ್ತು. ಬಂದವರಿಗೆಲ್ಲ, ಹೆಡ್ ಮೇಡಂಗೆ ಕೂಡ, ನಡೆದದ್ದನ್ನು ಬಾಯಿಬಿಟ್ಟು ಹೇಳಿದ. ಕೆಲವರು ನಕ್ಕರು, ಕೆಲವರು ತಿರುಗಿ ಬರಲಿಲ್ಲ. ಮೇಡಂ ಮಾತ್ರ ಕೆಂಪೇರಿದ ಮುಖದಲ್ಲಿ, “ಇದನ್ನ ಹೇಳದೇ ಇದ್ದಿದ್ದರೆ ಆಗ್ತಿತ್ತು,” ಎಂದು ಹೊರಟುಹೋದರು. ಅಕ್ಕ ಎದ್ದು ಓಡಾಡಿದ ಮೇಲೆ ಗುಡ್ಡದ ಮಾಂಸ ಮತ್ತೆ ಬಂತು. ಭಾಷಣ ಬರಲಿಲ್ಲ. ಕೇಳಿದವರಿಗೆ, “ಅಕ್ಕನ ಮನೇದು,” ಎನ್ನುತ್ತಿದ್ದ, ಅಷ್ಟೇ.

ಟೈಲರ್ ಯಜಮಾನರು ಇನ್ನೂ ಒಂದು ವರ್ಷ ಇದ್ದರು. ನಿಜ ಹೊರಬಿದ್ದ ಎರಡು ತಿಂಗಳ ಬಳಿಕ ಅವರ ಹೆಂಡತಿ ಅವರಿಗಾಗಿ ಮತ್ತೆ ಅಂಗಡಿಗೆ ಬರತೊಡಗಿದರು. ಪ್ರತಿ ಸಲವೂ, “ಗುಡ್ಡದ್ದು ತಾನೇ?” ಎಂದು ಕೇಳುತ್ತಿದ್ದರು. ಆ ದನಿಯಲ್ಲಿ ಚುಚ್ಚುಮಾತಿರಲಿಲ್ಲ, ಬರೀ ಪ್ರಶ್ನೆ. “ಹೌದಮ್ಮ,” ಎನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಸುಮ್ಮನೆ ತಲೆಯಾಡಿಸಿ, ಒಳ್ಳೆಯ ನಾಲ್ಕು ತುಂಡು ಆರಿಸಿ ಕಟ್ಟಿಕೊಡುತ್ತಿದ್ದ.