ಮೂಕಮ್ಮನ ಹೆಬ್ಬೆಟ್ಟು

ರಾಯಚೂರು ಕೋಟೆಯನ್ನು ಗೆದ್ದವರ ಪಟ್ಟಿ ಹೇಳಹೋದರೆ ಇತಿಹಾಸದ ಮೇಷ್ಟ್ರೂ ತಡವರಿಸುತ್ತಾರೆ. ವಿಜಯನಗರದವರು ಗೆದ್ದರು, ವಿಜಾಪುರದವರು ಗೆದ್ದರು, ಕಡೆಗೆ ನಿಜಾಮರು ಬಂದು ಕೂತರು. ಆದರೆ ಮಾನ್ವಿಯ ಜಿನ್ನಿನಲ್ಲಿ, ಅಂದರೆ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯಲ್ಲಿ, ಹತ್ತಿ ಆರಿಸುತ್ತಿದ್ದ ಮೂಕಮ್ಮನ ಬಲಗೈ ಹೆಬ್ಬೆರಳನ್ನು ಗೆದ್ದ ದೊರೆ ಇನ್ನೂ ಹುಟ್ಟಿರಲಿಲ್ಲ. ಮಸಿ ಡಬ್ಬಿ ಕಂಡರೆ ಸಾಕು, ಆ ಬೆರಳು ಮುಷ್ಟಿಯೊಳಗೆ ಹೊಕ್ಕು ಅಗುಳಿ ಹಾಕಿಕೊಳ್ಳುತ್ತಿತ್ತು. ದೇವದುರ್ಗದ ಕಡೆಯ ಮಸರಕಲ್ ಅವಳ ತವರು. ಹೊಲದ ಕಾಗದಕ್ಕೆ ಒತ್ತಲಿಲ್ಲವೆಂದು ಅಲ್ಲಿಯ ಅಣ್ಣ ಎರಡು ವರ್ಷ ಮಾತು ಬಿಟ್ಟಿದ್ದ.

೧೯೪೪ರ ಒಂದು ಮಂಗಳವಾರ ಜಿನ್ನಿನ ಗೋದಾಮು ಹೊತ್ತಿ ಉರಿಯಿತು. ಮಾಲೀಕ ವಿರೂಪಣ್ಣ ವಿಮೆ ಮಾಡಿಸಿದ್ದ, ನಿಜ. ಆದರೆ ಕರಾರಿನಲ್ಲೊಂದು ಮುಳ್ಳಿತ್ತು: ಒದ್ದೆ ಹತ್ತಿ ಒಳಗೊಳಗೇ ಕಾದು ತಾನಾಗಿ ಹೊತ್ತಿಕೊಂಡರೆ ಕಂಪನಿ ಬಿಡಿಗಾಸೂ ಕೊಡುವುದಿಲ್ಲ. ತೂಕ ಏರಲೆಂದು ಹತ್ತಿಗೆ ನೀರು ಚಿಮುಕಿಸುವುದೋ ವಿರೂಪಣ್ಣನ ನಿತ್ಯಪೂಜೆ! ಹಾಗಾಗಿ ಹೊರಗಿನಿಂದ ಕಿಡಿ ತಂದ ಪಾಪಿಯೊಬ್ಬರು ತುರ್ತಾಗಿ ಬೇಕಾದರು. ಹೈದರಾಬಾದಿನ ವಕೀಲ ಕೂತಲ್ಲೇ ಉರ್ದೂವಿನಲ್ಲಿ ಹೇಳಿಕೆ ಬರೆದ. ಉರ್ದೂ ಬಾರದ ವಿರೂಪಣ್ಣ ಓದಿಸದೆ ರುಜು ಹಾಕಿದ. ಏಳು ಜನ ಕೂಲಿಯವರು ಕೇಳದೆ ಹೆಬ್ಬೆಟ್ಟೊತ್ತಿದರು. ಗುಮಾಸ್ತ ಸೂಗಪ್ಪ ಮಸಿ ಡಬ್ಬಿ ಹಿಡಿದು ಮೂಕಮ್ಮನ ಮುಂದೆ ನಿಂತ.

“ಒತ್ತಬೇ, ಎಲ್ಲಾರೂ ಒತ್ಯಾರ.”

“ಏನಂತ ಬರದದರಿ?”

“ಬೆಂಕಿ ಬಿತ್ತು ಅಂತ.”

“ಅಷ್ಟಕ್ಕ ಇಷ್ಟುದ್ದ ಕಾಗದ ಬೇಕೇನ್ರಿ? ಬೆಂಕಿ ಬಿದ್ದದ್ದು ಆ ಕರೀ ಗ್ವಾಡಿನೇ ಹೇಳತದ. ಅದರ ಕಡಿಂದ ಒತ್ತಿಸ್ಕೋರಿ.”

“ಒತ್ತದಿದ್ರ ನಾಳಿಂದ ಕೆಲಸ ಇಲ್ಲ, ನೋಡು.”

“ಹತ್ತಿ ಸುಟ್ಟು ಹೋಗ್ಯದ. ನಾಳಿಂದ ಏನು ಬೂದಿ ಆರಿಸ್ಲೇನ್ರಿ?”

ಕಂಪನಿ ಹಣ ಕೊಡಲೊಲ್ಲದು. ದಾವೆ ರಾಯಚೂರಿನ ಅದಾಲತ್ತಿಗೆ ಹೋಯಿತು. ಮೂಕಮ್ಮನಿಗೂ ಕರೆ ಬಂತು. ಅಲ್ಲಿಯ ಮುನ್ಷಿ ಕುತುಬುದ್ದೀನ್ ಆ ಹೇಳಿಕೆಯನ್ನು ಕನ್ನಡದಲ್ಲಿ ಓದಿದ: ‘ಗೋದಾಮಿನ ಗೋಡೆಗೆ ಆನಿಕೊಂಡ ಗುಡಿಸಲಲ್ಲಿ ಮೂಕಮ್ಮ ಅಂದು ಮಧ್ಯಾಹ್ನ ರೊಟ್ಟಿ ಸುಡುತ್ತಿದ್ದಳು. ಅವಳ ಒಲೆಯ ಕಿಡಿ ಹಾರಿ ಬೆಂಕಿ ಬಿತ್ತು.’ ಆ ಮಾತು ನಿಂತರೆ ವಿರೂಪಣ್ಣನಿಗೆ ಹಣ, ಮೂಕಮ್ಮನಿಗೆ ಜೈಲು.

ಅವಳು ಸೆರಗು ಬಿಗಿದು ಸಿಕ್ಕಿಸಿಕೊಂಡಳು. “ಯಪ್ಪಾ, ಅವತ್ತು ಯಾವ ವಾರರೀ?”

“ಮಂಗಳವಾರ” ಎಂದರು ನ್ಯಾಯಪೀಠದಲ್ಲಿದ್ದ ಮುನ್ಸಿಫರು.

“ಕಾಲರಾ ಬಂದದಂತ ಊರಾಗ ದ್ಯಾವಮ್ಮನ ವಾರ ಹಿಡದಿದ್ವಿ. ಐದು ಮಂಗಳವಾರ ಯಾರೂ ಒಲಿ ಹೊತ್ತಿಸಂಗಿಲ್ಲ. ಬಡವರೂ ಅಷ್ಟೇ, ಸಾವ್ಕಾರ್ರೂ ಅಷ್ಟೇ. ಹೇಳ್ರಿ ಸಾವ್ಕಾರ್ರ, ದ್ಯಾವಮ್ಮನ ಆಣಿ ಮಾಡಿ ಹೇಳ್ರಿ, ಅವತ್ತು ನಿಮ್ಮನ್ಯಾಗ ಏನ್ ಉಂಡ್ರಿ?”

ವಿರೂಪಣ್ಣ ಕಾನೂನಿಗೆ ಹೆದರುವ ಆಸಾಮಿಯಲ್ಲ. ದ್ಯಾವಮ್ಮನ ಮಾತು ಬೇರೆ. ವಕೀಲ ಕಣ್ಸನ್ನೆ ಮಾಡುತ್ತಿದ್ದಂತೆಯೇ ಅವನ ಬಾಯಿಂದ ಸತ್ಯ ಜಾರಿತು: “ಹಿಂದಿನ ದಿನದ ತಂಗಳ ರೊಟ್ಟಿ... ಮೊಸರು.”

“ಹಂಗಾದರೆ ಬೆಂಕಿ ಎಲ್ಲಿಂದ ಬಂತಮ್ಮ?” ಮುನ್ಸಿಫರು ಕೇಳಿದರು.

“ಸೋಮವಾರನೇ ಹತ್ತಿ ರಾಶ್ಯಾಗ ಕೈ ಇಟ್ರ ಕಾದ ಹಂಚು ಇದ್ದಂಗಿತ್ತು. ಸೂಗಪ್ಪಗ ಹೇಳಿದ್ನಿ. ‘ಬಿಸಿ ಆಗಿದ್ರ ಇನ್ನಷ್ಟು ನೀರು ಹೊಡಿಬೇ’ ಅಂದ್ರು!”

ಅದಾಲತ್ತು ಗೊಳ್ಳೆಂದಿತು. ಹೆಬ್ಬೆಟ್ಟೊತ್ತಿದ್ದ ಏಳೂ ಜನರಿಗೆ ತಟ್ಟನೆ ನೆನಪು ಮರಳಿ, ನೀರು ಹೊಡೆದದ್ದು ನಿಜವೆಂದರು. ದಾವೆ ವಜಾ ಆಯಿತು.

ಅಂದು ಮೂಕಮ್ಮನ ಹೇಳಿಕೆಗೆ ಒತ್ತಿಸಿಕೊಳ್ಳಲು ಅಲ್ಲಿಯೂ ಮಸಿ ಡಬ್ಬಿ ಬಂದಿತ್ತು. ಅಲ್ಲಿಯೂ ಮುಷ್ಟಿ ಬಿಗಿದಿತ್ತು. ಮುನ್ಸಿಫರೇ ಸೋತು, ‘ಒತ್ತಲು ಒಪ್ಪಲಿಲ್ಲ’ ಎಂದು ಬರೆಸಿ ತಾವೇ ರುಜು ಹಾಕಿದ್ದರು. ಹೊರಬಿದ್ದ ಮೇಲೆ ಕುತುಬುದ್ದೀನ್ ಭಕ್ತಿಯಿಂದ ಕೈಮುಗಿದ.

“ಯವ್ವಾ, ನಿನಗ ಉರ್ದೂ ಬರಂಗಿಲ್ಲ. ಆ ಕಾಗದದಾಗ ಮೋಸ ಅದ ಅಂತ ಹೆಂಗ ತಿಳೀತು? ನಿನ್ನ ಮಾತಿಗೂ ನೀ ಒತ್ತಲಿಲ್ಲಲ್ಲ!”

“ಮೋಸ ಗೀಸ ನನಗೇನು ಗೊತ್ತರೀ?” ಎಂದಳು ಮೂಕಮ್ಮ. “ಆ ಮಸಿ ಮೂರು ದಿನ ತಿಕ್ಕಿದ್ರೂ ಹೋಗಂಗಿಲ್ಲ. ರೊಟ್ಟಿ ಬಡದ್ರ ಕರ್ರಗ ಆಕ್ಕಾವು.”